ಎಡೆದೊರೆ ನಾಡಿನಲ್ಲಿ ಗಾಜಿನ ಕಡಲು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಎಡೆದೊರೆ ನಾಡು, ಅಂದರೆ ಎರಡು ಹೊಳೆಗಳ ನಡುವಿನ ರಾಯಚೂರು ಸೀಮೆ, ಪೂರ್ವ ಪಶ್ಚಿಮ ಎರಡು ಕಡಲುಗಳಿಂದಲೂ ದೂರವಿದ್ದರೂ ಉಪ್ಪಿನ ಪರಿಚಯವಿಲ್ಲದ ನೆಲವಲ್ಲ. ದಖ್ಖನಿನ ಒಳನಾಡಿನಲ್ಲಿ ಉಪ್ಪಾರ ಸಮುದಾಯದವರು ಸವಳು ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಅದರ ಮೇಲೆ ನೀರು ಸುರಿದು, ಕೆಳಗೆ ಸೋಸಿ ಬಂದ ಉಪ್ಪುನೀರನ್ನು ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಿದ್ದರು. ಬ್ರಿಟಿಷ್ ಸೀಮೆಯಲ್ಲಿ ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿ, ಕಡಲುಪ್ಪು ರೈಲಿನಲ್ಲಿ ಒಳನಾಡಿಗೆ ಬರತೊಡಗಿದ ಮೇಲೆ ಈ ಕಸುಬು ಸೊರಗಿತು. ಉಪ್ಪಾರರಲ್ಲಿ ಬಹಳ ಮಂದಿ ಗಾರೆಕೆಲಸಕ್ಕೂ ಮಣ್ಣುಕೆಲಸಕ್ಕೂ ತಿರುಗಿದರು. ಮುಂಬಯಿಯಿಂದ ಬಂದ ರೈಲುಹಾದಿ ಮದರಾಸಿನಿಂದ ಬಂದ ಹಾದಿಯನ್ನು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ.

ಅದಕ್ಕೂ ಮೊದಲು, 1853ರ ಮೇ ತಿಂಗಳಲ್ಲಿ, ಹೈದರಾಬಾದಿನ ನಿಜಾಮರು ತಮ್ಮ ಹೆಸರಿನ ಸೈನ್ಯದ ಖರ್ಚಿಗಾಗಿ ಬೆಳೆದ ಸಾಲಕ್ಕೆ ಬೇರಾರ್ ಮತ್ತು ಧಾರಾಶಿವಗಳೊಂದಿಗೆ ರಾಯಚೂರು ದೋಆಬನ್ನೂ, ಅಂದರೆ ಈ ಎಡೆದೊರೆಯನ್ನೂ, ಕಂಪನಿ ಸರ್ಕಾರದ ವಶಕ್ಕೆ ಒಪ್ಪಿಸಿದರು. 1860ರಲ್ಲಿ ದೋಆಬು ನಿಜಾಮರಿಗೆ ಮರಳಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಅಕ್ವೇರಿಯಂ ತೆರೆದದ್ದು 1853ರ ಅದೇ ಮೇ ತಿಂಗಳಲ್ಲಿ. ಎರಡು ಘಟನೆಗಳಿಗೆ ಸಂಬಂಧವೇನೂ ಇಲ್ಲ. ಆದರೆ ಕಡಲಿನಿಂದ ದೂರವಿರುವವರು ಕಡಲನ್ನು ಮನೆಯೊಳಗೆ ಹೇಗೆ, ಎಷ್ಟು ಖರ್ಚಿನಲ್ಲಿ ಇರಿಸಿಕೊಳ್ಳಬಹುದು ಎಂಬ ಪ್ರಶ್ನೆ ಆ ಕಾಲದ ಲಂಡನ್ನಿಗೂ ಇಂದಿನ ರಾಯಚೂರಿಗೂ ಒಂದೇ ಆಗಿರುವುದರಿಂದ ಆ ಚರಿತ್ರೆ ಇಲ್ಲಿ ಪ್ರಸ್ತುತವಾಗುತ್ತದೆ.

ಆರಂಭದಲ್ಲಿ ಕಡಲನ್ನು ಮನೆಯೊಳಗೆ ಇರಿಸಿಕೊಳ್ಳುವುದು ಆಳುಕಾಳು ಇದ್ದವರ ಹವ್ಯಾಸವಾಗಿತ್ತು. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕಿ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದಳು. ನೀರಿಗೆ ಗಾಳಿ ಬೆರೆಯಲೆಂದು ಮನೆಗೆಲಸದ ಹೆಂಗಸೊಬ್ಬಳು ತೆರೆದ ಕಿಟಕಿಯ ಬಳಿ ನಿಂತು ಅದೇ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಬಹಳ ಹೊತ್ತು ಸುರಿಯಬೇಕಿತ್ತು. ಇಂದು ಅಂಗೈ ಅಗಲದ ವಿದ್ಯುತ್ ಪಂಪು ಮಾಡುವ ಕೆಲಸ ಅದು. ಕಡಲನೀರನ್ನು ಪೀಪಾಯಿಗಳಲ್ಲಿ ತರಿಸುವ ವೆಚ್ಚವನ್ನು ತಪ್ಪಿಸಲು ಫಿಲಿಪ್ ಗಾಸ್ ಎಂಬ ಪ್ರಕೃತಿವಿಜ್ಞಾನಿ 1854ರಲ್ಲಿ ಅಡುಗೆಯುಪ್ಪು, ಎಪ್ಸಮ್ ಉಪ್ಪು (ಮೆಗ್ನೀಶಿಯಂ ಸಲ್ಫೇಟ್), ಮೆಗ್ನೀಶಿಯಂ ಕ್ಲೋರೈಡ್ ಮತ್ತು ಪೊಟ್ಯಾಶಿಯಂ ಕ್ಲೋರೈಡ್ ಎಂಬ ನಾಲ್ಕೇ ವಸ್ತುಗಳನ್ನು ಸಿಹಿನೀರಿಗೆ ಬೆರೆಸಿ ಕೃತಕ ಕಡಲನೀರು ತಯಾರಿಸಿದನು. ಅದರಲ್ಲಿ ಮೊದಲು ಕಡಲಪಾಚಿ ಬೆಳೆಯಬಿಟ್ಟು, ಆಮೇಲಷ್ಟೇ ಜೀವಿಗಳನ್ನು ಇಳಿಸಿದನು. ಕಡಿಮೆ ಖರ್ಚಿನ ಉಪ್ಪುನೀರಿನ ಅಕ್ವೇರಿಯಂಗೆ ದಾರಿ ತೆರೆದದ್ದು ಈ ಪಾಕ. ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇರಲಿಲ್ಲ ಎಂಬ ಕೊರತೆಯನ್ನು ಇಂದಿನ ಸಿದ್ಧ ಉಪ್ಪಿನ ಪೊಟ್ಟಣಗಳು ತುಂಬಿವೆ.

ಹಾಗಿದ್ದೂ ಆ ಕಾಲದ ತೊಟ್ಟಿಗಳು ಹೆಚ್ಚು ದಿನ ಬಾಳದೆ ಆ ಗೀಳು ಕೆಲವೇ ವರ್ಷಗಳಲ್ಲಿ ಇಳಿದುಹೋಯಿತು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷವನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳನ್ನು ರಷ್ಯದ ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಆ ಜೀವಿಗಳು ಕಲ್ಲು ಮರಳುಗಳ ಮೇಲೆ ನೆಲೆಯೂರಲು ಹಲವು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯದೆ ಮೀನು ಬಿಟ್ಟವರು ಮೀನನ್ನೂ ದುಡ್ಡನ್ನೂ ಕಳೆದುಕೊಳ್ಳುತ್ತಾರೆ. ಸೂಕ್ಷ್ಮಜೀವಿಗಳು ತುಂಬಿದ ಕಡಲಕಲ್ಲು ಮತ್ತು ಗಾಳಿಯ ಗುಳ್ಳೆ ಇದ್ದರೆ ದುಬಾರಿ ಯಂತ್ರಗಳು ಬೇಡವೆಂದು 1961ರಲ್ಲಿ ಬರೆದು ತಿಳಿಸಿದ ಜಕಾರ್ತದ ಲೀ ಚಿನ್ ಎಂಗ್‌ನನ್ನು ಬಡವರ ಪಾಲಿನ ಗುರುವೆನ್ನಬಹುದು. ಉಪ್ಪಿಗೆ ತುಕ್ಕು ಹಿಡಿಯುತ್ತಿದ್ದ ಕಬ್ಬಿಣದ ಚೌಕಟ್ಟಿನ ಜಾಗಕ್ಕೆ ಸಿಲಿಕೋನ್ ಅಂಟು ಬಂದ ಮೇಲೆ ಊರಿನ ಗಾಜಿನ ಅಂಗಡಿಯಲ್ಲೇ ತೊಟ್ಟಿ ಕಟ್ಟಿಸುವುದು ಸಾಧ್ಯವಾಯಿತು.

ಇನ್ನು ಉಳಿಯುವುದು ನೀರಿನ ಮಾತು. ಎಡೆದೊರೆಯ ಮಟ್ಟಿಗೆ ಅದೇ ಮುಖ್ಯವಾದದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿ, ಎಡದಂಡೆ ಕಾಲುವೆ ಮಾನ್ವಿಯನ್ನು ಹಾದು ರಾಯಚೂರಿನವರೆಗೆ ಚಾಚಿತು. ದೇವದುರ್ಗಕ್ಕೆ ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಕಾಲುವೆಯ ಮೇಲ್ಭಾಗದವರು ಎರೆಭೂಮಿಯಲ್ಲಿ ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ ನೆಲದಡಿಯ ನೀರು ಮೇಲೇರಿ, ಕರಗಿದ ಲವಣವನ್ನೂ ಮೇಲೆ ತಂದು, ಬಹಳಷ್ಟು ಹೊಲ ಸವಳು-ಜವಳಾಯಿತು, ಅಂದರೆ ಉಪ್ಪೇರಿ ಜೌಗು ಹಿಡಿಯಿತು. ಬಾಯಿಗೆ ಉಪ್ಪುಪ್ಪಾಗಿರುವ ಬೋರ್‌ವೆಲ್ ನೀರನ್ನೇ ತೊಟ್ಟಿಗೆ ತುಂಬಿದರೆ ಉಪ್ಪಿನ ಖರ್ಚು ಉಳಿಯುವುದಲ್ಲವೇ ಎಂಬ ಆಲೋಚನೆ ಸಹಜವಾದರೂ ತಪ್ಪಾದದ್ದು. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದು, ಅದರ ಘಟಕಗಳ ಪ್ರಮಾಣ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನೆಲದ ಸವಳುನೀರಿನಲ್ಲಿ ಲವಣವೂ ಬಹಳ ಕಡಿಮೆ, ಪ್ರಮಾಣವೂ ಬೇರೆ. ಹರಿಯಾಣದ ಒಳನಾಡಿನ ಉಪ್ಪುನೀರಿನಲ್ಲಿ ಸಿಗಡಿ ಸಾಕುವವರು ಪೊಟ್ಯಾಶಿಯಂ ಬೆರೆಸಬೇಕಾಗಿ ಬಂದದ್ದು ಈ ಕಾರಣಕ್ಕೇ.

ಆದ್ದರಿಂದ ಈ ಸೀಮೆಯಲ್ಲಿ ಕಡಲನ್ನು ಕಟ್ಟಬೇಕಾದವರು ಮೊದಲು ಹುಡುಕಬೇಕಾದದ್ದು ಲವಣವಿಲ್ಲದ ನೀರು. ಫ್ಲೋರೈಡ್ ಮತ್ತು ಸವಳಿನ ಕಾಟಕ್ಕಾಗಿ ಈ ಜಿಲ್ಲೆಯ ಊರೂರಿನಲ್ಲಿ ತೆರೆದ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣದ ಬಹುಭಾಗವನ್ನು ತೆಗೆಯುತ್ತಾರೆ. ಅಮೆರಿಕದಲ್ಲಿ ಲೋಬ್ ಮತ್ತು ಭಾರತ ಮೂಲದ ಸೌರಿರಾಜನ್ 1960ರ ಹೊತ್ತಿಗೆ ಈ ಪೊರೆಯನ್ನು ರೂಪಿಸಿದ್ದು ಕಡಲನೀರನ್ನು ಸಿಹಿ ಮಾಡಲೆಂದು. ಇಲ್ಲಿ ಅದು ಕಡಲನೀರನ್ನು ತಯಾರಿಸಲು ಒದಗುತ್ತದೆ. 100 ಲೀಟರಿನ ತೊಟ್ಟಿಗೆ ಐದು ಕ್ಯಾನು ನೀರು, ಸುಮಾರು ಮೂರೂವರೆ ಕಿಲೋ ಸಿದ್ಧ ಕಡಲುಪ್ಪು ಸಾಕು. ರಾಯಚೂರಿನ ಬೇಸಿಗೆಯಲ್ಲಿ ನೀರು ಬೇಗ ಆವಿಯಾದರೂ ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಇಳಿದ ಮಟ್ಟವನ್ನು ಉಪ್ಪುನೀರಿನಿಂದಲ್ಲ, ಅದೇ ಕ್ಯಾನಿನ ಸಿಹಿನೀರಿನಿಂದ ತುಂಬಬೇಕು.

ತೊಟ್ಟಿ ಚಿಕ್ಕದಾದಷ್ಟೂ ಅಗ್ಗವೆಂಬ ನಂಬಿಕೆ ಮಾತ್ರ ಇಲ್ಲಿ ನಡೆಯದು: ಚಿಕ್ಕ ತೊಟ್ಟಿ ಬೇಗ ಕಾಯುತ್ತದೆ, ಬೇಗ ಉಪ್ಪೇರುತ್ತದೆ. ಹವಳವಂತೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದ್ದು, ನಮ್ಮ ಕಡಲಿನಿಂದ ಅದನ್ನು ಕೀಳುವುದೂ ಮಾರುವುದೂ ಅಪರಾಧ. ಮೊದಲ ಸಲ ಕೈಹಾಕುವವರಿಗೆ ಒಣ ಕಲ್ಲು ಮತ್ತು ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ಸಾಕು.