ನಮ್ಮ ಕರಿಕಲ್ಲಿನ ವಯಸ್ಸು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯಲ್ಲಿ ಬಾವಿ ತೋಡಿಸಿದವರಿಗೆ ನೆಲದೊಳಗಿನ ಕ್ರಮವು ಬಾಯಿಪಾಠವಾಗಿರುತ್ತದೆ. ಮೇಲೆ ಎರೆಮಣ್ಣು, ಅದರಡಿ ಗರಸು, ಅದರಡಿ ಕರಿಕಲ್ಲು. ಕೆಲವೆಡೆ ಎರಡು ಕಲ್ಲುಹಾಸುಗಳ ನಡುವೆ ಕೆಂಪುಮಣ್ಣಿನ ತೆಳುಪದರ. ನಾವು ಅರಸರ ಕಾಲದಿಂದ ನಾಡಿನ ಚರಿತ್ರೆಯನ್ನು ಆರಂಭಿಸುತ್ತೇವೆ. ಆದರೆ ಜೋಳ ಬೆಳೆಯುವ ನಮ್ಮ ಎರೆಭೂಮಿಗೆ ತಾಯಿಯಾದ ಈ ಶಿಲೆಯ ಚರಿತ್ರೆ ಅದಕ್ಕಿಂತ ಬಹು ಹಿಂದಿನದು.

ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ಈ ಶಿಲೆಯಾಯಿತು. ಇದರ ಬೆಟ್ಟಗಳು ಮೆಟ್ಟಿಲುಮೆಟ್ಟಿಲಾಗಿ ಕಾಣುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಶಬ್ದವನ್ನು ಅನುಸರಿಸಿ ವಿದ್ವಾಂಸರು ಇದನ್ನು ದಖ್ಖನ್ ಟ್ರ್ಯಾಪ್ ಎಂದು ಕರೆದರು. ಇಂದಿಗೂ ಇದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಆವರಿಸಿದೆ. ಗಡಿಯಾಚೆಯ ವಿಜಯಪುರದ ಗೋಲಗುಮ್ಮಟವೂ ಇದೇ ಕಲ್ಲಿನದು.

ಇದರ ವಯಸ್ಸೆಷ್ಟು? ಈ ಪ್ರಶ್ನೆಯ ವಾದ ಹಳೆಯದು. ಜಬಲ್ಪುರದಲ್ಲಿ ಟ್ರ್ಯಾಪ್ ಶಿಲೆಯ ಕೆಳಗಿನ ಪದರದಲ್ಲಿ ಡೈನೋಸಾರುಗಳ ಎಲುಬುಗಳು ದೊರೆತಿದ್ದವು. ಹಲವರು ಈ ಶಿಲೆಯನ್ನು ಆ ಮಹೋರಗಗಳ ಯುಗದ ಕೊನೆಗೆ ಸೇರಿಸಿದರು. ಆದರೆ ಛಿಂದವಾಡಾ ಸೀಮೆಯಲ್ಲಿ ಶಿಲಾಪದರಗಳ ನಡುವೆ ಸಿಕ್ಕ ತಾಳೆ ಮೊದಲಾದ ಸಸ್ಯಗಳ ಪಳೆಯುಳಿಕೆಗಳನ್ನು ಪರೀಕ್ಷಿಸಿದ ಬೀರಬಲ ಸಾಹನಿಯವರು, ಇದು ಅನಂತರದ ಯುಗದ್ದೆಂದು 1930ರ ದಶಕದಲ್ಲಿ ವಾದಿಸಿದರು.

ಮುಂದೆ ಶಿಲೆಯಲ್ಲಿನ ಪೊಟ್ಯಾಸಿಯಂ ಕಾಲಕ್ರಮದಲ್ಲಿ ಆರ್ಗಾನ್ ಅನಿಲವಾಗುವ ಪ್ರಮಾಣವನ್ನು ಅಳೆಯುವ ವಿಧಾನ ಬಂದಿತು. ಬಿಸಿಲುಮಳೆಗೆ ಸವೆದ ಕಲ್ಲಿನಿಂದ ಅನಿಲವು ಸೋರಿಹೋಗುವುದರಿಂದ ಮೊದಮೊದಲ ಲೆಕ್ಕಗಳು ಒಂದಕ್ಕೊಂದು ಹೊಂದಲಿಲ್ಲ. 1980ರ ದಶಕದ ಕೊನೆಗೆ ಸುಧಾರಿಸಿದ ವಿಧಾನದಿಂದ ಸುಮಾರು 6 ಕೋಟಿ 60 ಲಕ್ಷ ವರ್ಷಗಳೆಂಬ ಲೆಕ್ಕ ನೆಲೆಗೊಂಡಿತು. ಡೈನೋಸಾರುಗಳು ಅಳಿದ ಕಾಲವೂ ಅದೇ!

ಇಲ್ಲಿಂದ ವಾದವು ಹೊಸ ರೂಪ ತಾಳಿತು. ಆ ಪ್ರಾಣಿಗಳನ್ನು ಅಳಿಸಿದ್ದು ಮೆಕ್ಸಿಕೋದ ಚಿಕ್ಷುಲೂಬಿನಲ್ಲಿ ಅಪ್ಪಳಿಸಿದ ಆಕಾಶಶಿಲೆಯೋ, ನಮ್ಮ ಲಾವಾರಸದ ವಿಷವಾಯುವೋ? ಉತ್ತರವು ಕಾಲನಿರ್ಣಯವನ್ನೇ ಅವಲಂಬಿಸಿದೆ. 2019ರಲ್ಲಿ ಎರಡು ತಂಡಗಳು ಸೈನ್ಸ್ ಪತ್ರಿಕೆಯಲ್ಲಿ ತಮ್ಮ ಲೆಕ್ಕಗಳನ್ನು ಪ್ರಕಟಿಸಿದವು. ಒಂದು ತಂಡವು ಸಹ್ಯಾದ್ರಿಯ ಕೆಂಪು ಪದರಗಳಲ್ಲಿ ಬೆರೆತ ಜಿರ್ಕಾನ್ ಹರಳುಗಳನ್ನು ಅಳೆದು, ಆ ಅಳಿವಿಗೆ ಸ್ವಲ್ಪ ಮೊದಲೇ ಒಂದು ಮಹಾಪ್ರವಾಹ ಆರಂಭವಾಗಿತ್ತೆಂದಿತು. ಮತ್ತೊಂದು ಆರ್ಗಾನ್ ವಿಧಾನದಿಂದ, ಸುಮಾರು ಮುಕ್ಕಾಲು ಪಾಲು ಲಾವಾ ಅಳಿವಿನ ಅನಂತರವೇ ಹರಿಯಿತೆಂದಿತು. ಒಟ್ಟು ಹರಿವು 10 ಲಕ್ಷ ವರ್ಷಗಳೊಳಗೆ ಮುಗಿಯಿತೆಂಬಲ್ಲಿ ಇಬ್ಬರಲ್ಲೂ ಹೆಚ್ಚಿನ ಭೇದವಿಲ್ಲ. ಹತ್ತಾರು ಸಾವಿರ ವರ್ಷಗಳ ಹಿಂದುಮುಂದಿನಲ್ಲಿಯೇ ವಾದವೆಲ್ಲ ಅಡಗಿದೆ.

ಬಾವಿಯ ಗೋಡೆಯ ಕೆಂಪು ಗೆರೆಯನ್ನು ನಾವು ಇದುವರೆಗೆ ಕಂಡೂ ಕಾಣದವರಂತೆ ಇದ್ದೆವು. ಅದು ಒಂದು ಲಾವಾಪ್ರವಾಹ ತಣಿದು ಇನ್ನೊಂದು ಬರುವವರೆಗಿನ ಬಿಡುವಿನ ಗುರುತು. ಮುಂದೆ ಅದು ಕಣ್ಣಿಗೆ ಬಿದ್ದಾಗ ನಮ್ಮ ಮಕ್ಕಳಿಗೆ ತೋರಿಸೋಣ. ದೂರದೇಶದ ವಿದ್ವಾಂಸರು ಓದಲು ಹವಣಿಸುತ್ತಿರುವ ಗ್ರಂಥದ ಒಂದು ಪುಟ ನಮ್ಮ ಹೊಲದಲ್ಲಿಯೂ ಇದೆಯೆಂದು ಅವರು ಅರಿಯಲಿ.