ಯಾರ ಅಂಗಳಕ್ಕೆ ಯಾರು: ಏಷ್ಯಾದ ಕ್ಲಬ್ ಫುಟ್‌ಬಾಲ್ ನಡೆದು ಬಂದ ದಾರಿ

1969ರ ಜನವರಿಯಲ್ಲಿ ಏಷ್ಯಾದ ಹತ್ತು ಫುಟ್‌ಬಾಲ್ ತಂಡಗಳು ಬ್ಯಾಂಕಾಕಿನಲ್ಲಿ ಸೇರಿದವು. ಟೆಹರಾನಿನ ಪರ್ಸೆಪೊಲಿಸ್, ಜಪಾನಿನ ಟೊಯೊ ಕೋಗ್ಯೊ, ದಕ್ಷಿಣ ಕೊರಿಯಾದ ಯಾಂಗ್‌ಝೀ, ಇಸ್ರೇಲಿನ ಮಕಾಬಿ ಟೆಲ್ ಅವೀವ್ ಇವುಗಳ ನಡುವೆ ಭಾರತದ ತಂಡವೂ ಒಂದಿತ್ತು. ಅದು ಮೋಹನ್ ಬಾಗನ್ ಅಲ್ಲ, ಈಸ್ಟ್ ಬೆಂಗಾಲ್ ಕೂಡ ಅಲ್ಲ. ನಮ್ಮ ಮೈಸೂರು ರಾಜ್ಯ ತಂಡ! ಕ್ಲಬ್‌ಗಳ ರಾಷ್ಟ್ರೀಯ ಲೀಗ್ ಆಗ ಭಾರತದಲ್ಲಿ ಇರಲಿಲ್ಲ. ಹಾಗಾಗಿ ಸಂತೋಷ್ ಟ್ರೋಫಿ ಗೆದ್ದ ರಾಜ್ಯವೇ ಕ್ಲಬ್ ಎನಿಸಿಕೊಂಡು ವಿಮಾನ ಹತ್ತಿತು. ಮೈಸೂರು ನಾಲ್ಕನೇ ಸ್ಥಾನ ಪಡೆದು ಮರಳಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲು ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬಾಕಿ ಇತ್ತು.

ಇಂದು ಎಎಫ್‌ಸಿ ಚಾಂಪಿಯನ್ಸ್ ಲೀಗ್ ಎಲೀಟ್ ಎನಿಸಿಕೊಳ್ಳುವ ಪಂದ್ಯಾವಳಿಯ ಬಾಲ್ಯ ಅದು. ಏಷ್ಯಾದ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ಹುಟ್ಟಿದ್ದು 1954ರಲ್ಲಿ; ಕ್ಲಬ್‌ಗಳ ಪಂದ್ಯಾವಳಿ ಶುರುವಾದದ್ದು 1967ರಲ್ಲಿ. ಯುರೋಪಿನ ಕ್ಲಬ್‌ಗಳು 1955ರಿಂದಲೇ ಒಂದು ಪಂದ್ಯ ನಿಮ್ಮೂರಲ್ಲಿ, ಒಂದು ನಮ್ಮೂರಲ್ಲಿ ಎಂದು ಆಡಿಕೊಂಡಿದ್ದವು. ಟೋಕಿಯೊದಿಂದ ರಿಯಾದ್‌ಗೆ ಎಂಟು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿರುವ ಏಷ್ಯಾದಲ್ಲಿ ಅದಕ್ಕೆ ಬೇಕಾದ ದುಡ್ಡು ಯಾರ ಬಳಿಯೂ ಇರಲಿಲ್ಲ. ಎಲ್ಲರೂ ಒಂದೇ ಊರಿಗೆ ಬಂದು ಎರಡು ವಾರ ಆಡಿ ಹೋಗುವುದೇ ಸುಲಭದ ದಾರಿಯಾಗಿತ್ತು. ಅಂದಿನಿಂದ ಇಂದಿನವರೆಗೆ ಈ ಪಂದ್ಯಾವಳಿಯ ಸ್ವರೂಪ ಎಷ್ಟು ಸಲ ಬದಲಾದರೂ ಅದರ ಅಡಿಯಲ್ಲಿರುವ ಪ್ರಶ್ನೆ ಒಂದೇ: ಯಾರು ಯಾರ ಅಂಗಳಕ್ಕೆ ಹೋಗಿ ಆಡಲು ಸಿದ್ಧರಿದ್ದಾರೆ?

ದೂರಕ್ಕಿಂತ ದೊಡ್ಡ ಅಡ್ಡಿ ರಾಜಕೀಯದ್ದು. ಮೊದಲ ವರ್ಷದ ಫೈನಲಿನಲ್ಲಿ ಇಸ್ರೇಲಿನ ಹಪೊಯೆಲ್ ಟೆಲ್ ಅವೀವ್ ಮಲೇಷ್ಯಾದ ಸೆಲಂಗೋರನ್ನು 2-1ರಿಂದ ಸೋಲಿಸಿತು. 1969ರಲ್ಲಿ ಮಕಾಬಿ ಗೆದ್ದಿತು. 1970ರಲ್ಲಿ ಟೆಹರಾನಿನ ತಾಜ್ ತನ್ನ ಊರಲ್ಲೇ ಹಪೊಯೆಲನ್ನು ಮಣಿಸಿತು. ಇಸ್ರೇಲಿನ ತಂಡ ಪ್ರತಿಸಲವೂ ಫೈನಲಿಗೆ ಬರುತ್ತಿತ್ತು, ಅದರೆದುರು ಆಡಲು ಅರಬ್ ಕ್ಲಬ್‌ಗಳು ಒಪ್ಪುತ್ತಿರಲಿಲ್ಲ. 1971ರ ಫೈನಲಿನಲ್ಲಿ ಬಾಗ್ದಾದಿನ ಪೊಲೀಸ್ ತಂಡ ಮಕಾಬಿಯ ವಿರುದ್ಧ ಅಂಗಳಕ್ಕೇ ಇಳಿಯಲಿಲ್ಲ. ಚೆಂಡು ಉರುಳದೆ ಕಪ್ ಮಕಾಬಿಯ ಕೈ ಸೇರಿತು. ಮರುವರ್ಷದ ಪಂದ್ಯಾವಳಿಯೇ ರದ್ದಾಯಿತು. 1974ರಲ್ಲಿ ಇಸ್ರೇಲನ್ನು ಒಕ್ಕೂಟದಿಂದ ಹೊರಗಿಟ್ಟರು. ಆದರೂ ನಿಂತುಹೋದ ಪಂದ್ಯಾವಳಿ ಮತ್ತೆ ಆರಂಭವಾಗಲು 1985ರವರೆಗೆ ಕಾಯಬೇಕಾಯಿತು.

ಎರಡನೇ ಹುಟ್ಟಿಗೆ ಏಷ್ಯನ್ ಕ್ಲಬ್ ಚಾಂಪಿಯನ್‌ಶಿಪ್ ಎಂದು ಹೆಸರಾಯಿತು. ಜೆಡ್ಡಾದಲ್ಲಿ ನಡೆದ ಮೊದಲ ಫೈನಲಿನಲ್ಲಿ ದಕ್ಷಿಣ ಕೊರಿಯಾದ ದೇವೂ ರಾಯಲ್ಸ್ ಆತಿಥೇಯ ಅಲ್ ಅಹ್ಲಿಯನ್ನು 3-1ರಿಂದ ಮಣಿಸಿತು. ಈ ಫಲಿತಾಂಶ ನೆನಪಿರಲಿ, ಕೊನೆಗೆ ಬೇಕಾಗುತ್ತದೆ. ದೇವೂ, ಫುರುಕಾವಾ ಎಲೆಕ್ಟ್ರಿಕ್, ಪೊಹಾಂಗ್ ಸ್ಟೀಲರ್ಸ್, ಥಾಯ್ ಫಾರ್ಮರ್ಸ್ ಬ್ಯಾಂಕ್: ಆ ಕಾಲದ ವಿಜೇತರ ಹೆಸರುಗಳೇ ಕಥೆ ಹೇಳುತ್ತವೆ. ಪೂರ್ವದಲ್ಲಿ ಫುಟ್‌ಬಾಲ್ ಬೆಳೆದದ್ದು ಕಾರ್ಖಾನೆ, ಬ್ಯಾಂಕುಗಳ ನೆರಳಿನಲ್ಲಿ. ನಮ್ಮ ಬೆಂಗಳೂರಿನ ಐಟಿಐ, ಎಚ್‌ಎಎಲ್ ತಂಡಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ಫುಟ್‌ಬಾಲ್ ಇನ್ನೂ ಕ್ಲಬ್‌ಗಳಿಗಿಂತ ರಾಷ್ಟ್ರತಂಡಕ್ಕೇ ಹೆಚ್ಚು ಸೇರಿತ್ತು. 1987ರಲ್ಲಿ ಆಟಗಾರರು ಸೌದಿ ರಾಷ್ಟ್ರತಂಡದ ಶಿಬಿರದಲ್ಲಿದ್ದಾರೆಂದು ಅಲ್ ಹಿಲಾಲ್ ಫೈನಲನ್ನೇ ಬಿಟ್ಟುಕೊಟ್ಟಿತು. ಜಪಾನಿನ ಯೊಮಿಯುರಿ ಆಡದೆಯೇ ಗೆದ್ದಿತು. ಹೀಗಿದ್ದರೂ ಜನರ ಆಸೆ ಬತ್ತಿರಲಿಲ್ಲ. 1999ರಲ್ಲಿ ಎಸ್ತೆಗ್ಲಾಲ್ (ಹಳೆಯ ತಾಜ್‌ನ ಹೊಸ ಹೆಸರು) ಮತ್ತು ಜುಬಿಲೊ ಇವಾಟಾ ನಡುವಿನ ಫೈನಲಿಗೆ ಟೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ಅಂದು ಗೆದ್ದದ್ದು ಜಪಾನಿನ ತಂಡ.

2002-03ರಲ್ಲಿ ಚಾಂಪಿಯನ್‌ಶಿಪ್, ಕಪ್ ವಿಜೇತರ ಕಪ್, ಸೂಪರ್ ಕಪ್ ಮೂರನ್ನೂ ಒಟ್ಟುಗೂಡಿಸಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಆರಂಭಿಸಿದರು. ಅದರ ಮೊದಲ ಕಪ್ ಯುಎಇಯ ಅಲ್ ಐನ್‌ಗೆ ಸಂದಿತು. ಫೈನಲು ಈಗ ಎರಡೂ ತಂಡಗಳ ಊರಿನಲ್ಲಿ ನಡೆಯುವಂತಾಯಿತು. ಆ ಪದ್ಧತಿಯ ರುಚಿ ಏನೆಂದು 2004 ತೋರಿಸಿತು. ಜೆಡ್ಡಾದ ಅಲ್ ಇತ್ತಿಹಾದ್ ತನ್ನ ಊರಲ್ಲಿ ಸಿಯೊಂಗ್‌ನಾಮ್ ಎದುರು 1-3ರಿಂದ ಸೋತು, ಎಲ್ಲರೂ ಕೈಬಿಟ್ಟ ಮೇಲೆ, ಕೊರಿಯಾಕ್ಕೆ ಹೋಗಿ 5-0ಯಿಂದ ಗೆದ್ದು ಕಪ್ ಹೊತ್ತು ತಂದಿತು. 2009ರಲ್ಲಿ ಗುಂಪು ಹಂತದ ತಂಡಗಳು 32ಕ್ಕೆ ಏರಿದವು. 2006ರಲ್ಲಿ ಏಷ್ಯಾದ ಒಕ್ಕೂಟ ಸೇರಿದ ಆಸ್ಟ್ರೇಲಿಯಾವೂ ಅಷ್ಟರಲ್ಲಿ ಒಳಗೆ ಬಂದಿತ್ತು. ಕೇವಲ ಎರಡು ವರ್ಷದ ಹಿಂದೆ ಹುಟ್ಟಿದ ವೆಸ್ಟರ್ನ್ ಸಿಡ್ನಿ ವಾಂಡರರ್ಸ್ 2014ರಲ್ಲಿ ಸಿಡ್ನಿಯಲ್ಲಿ 1-0ಯಿಂದ ಗೆದ್ದು, ರಿಯಾದಿನಲ್ಲಿ ಅಲ್ ಹಿಲಾಲನ್ನು ಗೋಲಿಲ್ಲದೆ ತಡೆದು ಚಾಂಪಿಯನ್ ಆಯಿತು.

ಅದೇ ವರ್ಷದಿಂದ ಖಂಡವನ್ನು ನಡುವೆ ಗೆರೆ ಎಳೆದಂತೆ ಎರಡಾಗಿ ಹಂಚಿದರು. ಪೂರ್ವದವರು ಪೂರ್ವದವರೊಡನೆ, ಪಶ್ಚಿಮದವರು ಪಶ್ಚಿಮದವರೊಡನೆ ಸೆಮಿಫೈನಲಿನವರೆಗೂ ಆಡುವುದು. ಎರಡೂ ಕಡೆ ಗೆದ್ದವರು ಫೈನಲಿನಲ್ಲಿ ಮುಖಾಮುಖಿಯಾಗುವುದು. ಪ್ರಯಾಣದ ಆಯಾಸ ತಗ್ಗಿತು, ಫೈನಲಿಗೊಂದು ಕುತೂಹಲವೂ ಹುಟ್ಟಿತು. ಆದರೆ ಹಳೆಯ ತಂಟೆ ಪಶ್ಚಿಮದ ಒಳಗೇ ಮರುಕಳಿಸಿತು. 2016ರಲ್ಲಿ ಸೌದಿ, ಇರಾನ್ ರಾಯಭಾರ ಕಡಿದುಕೊಂಡ ಮೇಲೆ ಆ ಎರಡು ದೇಶಗಳ ಕ್ಲಬ್‌ಗಳ ಪಂದ್ಯಗಳೆಲ್ಲ ಮೂರನೇ ದೇಶದಲ್ಲಿ ನಡೆದವು. 2023ರಲ್ಲಿ ರಾಜಿಯಾಗಿ ಮತ್ತೆ ಪರಸ್ಪರರ ಊರಿಗೆ ಹೊರಟರು. ಅಕ್ಟೋಬರಿನಲ್ಲೇ ಇಸ್ಫಹಾನಿನ ಕ್ರೀಡಾಂಗಣದಲ್ಲಿ ಇರಾನಿನ ಸೇನಾಧಿಕಾರಿ ಸುಲೈಮಾನಿಯ ಪ್ರತಿಮೆ ಇಟ್ಟಿದ್ದನ್ನು ಕಂಡು ಅಲ್ ಇತ್ತಿಹಾದ್ ಅಂಗಳಕ್ಕಿಳಿಯದೆ ಹಿಂದಿರುಗಿತು. ಆತಿಥೇಯ ಸೆಪಹಾನ್ 0-3ರಿಂದ ಸೋತಿತೆಂದು ಒಕ್ಕೂಟ ತೀರ್ಪು ಕೊಟ್ಟಿತು. ಮರುವರ್ಷ ಎರಡನೇ ದರ್ಜೆಯ ಪಂದ್ಯಾವಳಿಯಲ್ಲಿ ಮೋಹನ್ ಬಾಗನ್ ಭದ್ರತೆಯ ಅಂಜಿಕೆಯಿಂದ ಇರಾನಿನ ತಬ್ರೀಜ್‌ಗೆ ಹೋಗಲಿಲ್ಲ. ಹಿಂದೆ ಸರಿದಿದೆ ಎಂದು ಅದರ ಹೆಸರನ್ನು ಕೈಬಿಟ್ಟರು.

ಭಾರತದ ಕಥೆ ಬಹುಕಾಲ ಈ ಎರಡನೇ ದರ್ಜೆಯಲ್ಲೇ ನಡೆಯಿತು. 2004ರಲ್ಲಿ ಆರಂಭವಾದ ಎಎಫ್‌ಸಿ ಕಪ್‌ನಲ್ಲಿ ಡೆಂಪೊ, ಈಸ್ಟ್ ಬೆಂಗಾಲ್ ಸೆಮಿಫೈನಲ್ ಮುಟ್ಟಿದವು. ಆ ಹೊಸಿಲು ದಾಟಿದ್ದು ಬೆಂಗಳೂರು ಎಫ್‌ಸಿ. 2016ರ ಅಕ್ಟೋಬರ್ 19ರ ರಾತ್ರಿ ಕಂಠೀರವದಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಮಣಿಸಿತು; ಸುನೀಲ್ ಛೆಟ್ರಿ ಎರಡು ಗೋಲು, ಹುವಾನನ್ ಒಂದು. ಹುಟ್ಟಿ ಮೂರೇ ವರ್ಷವಾಗಿದ್ದ ಕ್ಲಬ್ ಏಷ್ಯಾ ಮಟ್ಟದ ಫೈನಲ್ ತಲುಪಿತು. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದೆದುರು ಒಂದೇ ಗೋಲಿನಿಂದ ಕಪ್ ಕೈತಪ್ಪಿತು. ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ಭಾರತಕ್ಕೆ ದಕ್ಕಿದ್ದು 2021ರಲ್ಲಿ, ಎಫ್‌ಸಿ ಗೋವಾ ಮೂಲಕ. ಅಲ್ಲಿ ಭಾರತದ ಮೊದಲ ಗೆಲುವು 2022ರಲ್ಲಿ ಮುಂಬೈ ಸಿಟಿಯದು, ಅದೇ ಇರಾಕಿ ವಾಯುಪಡೆ ತಂಡದ ವಿರುದ್ಧ.

2024-25ರಲ್ಲಿ ಮನೆಯನ್ನು ಮೂರು ಅಂತಸ್ತು ಮಾಡಿದರು. ಮೇಲೆ ಎಲೀಟ್, ನಡುವೆ ಚಾಂಪಿಯನ್ಸ್ ಲೀಗ್ ಟೂ, ಕೆಳಗೆ ಚಾಲೆಂಜ್ ಲೀಗ್. ಎಲೀಟ್‌ನಲ್ಲಿ ಆಗ 24 ತಂಡ, ಒಂದೊಂದು ವಲಯದಲ್ಲಿ 12. ಹಳೆಯ ಗುಂಪುಗಳಿಲ್ಲ, ಪ್ರತಿ ತಂಡವೂ ಎಂಟು ಬೇರೆ ಬೇರೆ ಎದುರಾಳಿಗಳೊಡನೆ ನಾಲ್ಕು ಪಂದ್ಯ ತವರಲ್ಲಿ, ನಾಲ್ಕು ಹೊರಗೆ ಆಡಬೇಕಿತ್ತು. ಒಂದೊಂದು ವಲಯದ ಮೊದಲ ಎಂಟು ತಂಡಗಳು ಮುಂದಿನ ಸುತ್ತಿಗೆ ಹೋದವು. ಕ್ವಾರ್ಟರ್‌ಫೈನಲಿನಿಂದ ಎಲ್ಲರೂ ಒಂದೇ ಊರಿಗೆ ಬರಬೇಕಿತ್ತು, ಒಂದೇ ಪಂದ್ಯದಲ್ಲಿ ಇತ್ಯರ್ಥ. ಆ ಊರು ಜೆಡ್ಡಾ.

ಅಲ್ಲಿ ಅಲ್ ಹಿಲಾಲ್ ಕೊರಿಯಾದ ಗ್ವಾಂಗ್‌ಜು ತಂಡಕ್ಕೆ ಏಳು ಗೋಲು ಹೊಡೆಯಿತು. ಸೆಮಿಫೈನಲಿನ ನಾಲ್ಕರಲ್ಲಿ ಮೂರು ಸೌದಿ ತಂಡಗಳು. ಆ ಮೂರೂ 2023ರಲ್ಲಿ ಸರ್ಕಾರಿ ಹೂಡಿಕೆ ನಿಧಿಯ ಕೈಸೇರಿದ ಕ್ಲಬ್‌ಗಳು. ನಾಲ್ಕನೆಯದಾದ ಜಪಾನಿನ ಕಾವಾಸಾಕಿ, ರೊನಾಲ್ಡೊನ ಅಲ್ ನಸ್ರ್ ತಂಡವನ್ನು 3-2ರಿಂದ ಕೆಡವಿ ಫೈನಲಿಗೆ ಬಂತು. ಆದರೆ 2025ರ ಮೇ 3ರಂದು ಅಲ್ ಅಹ್ಲಿ 2-0ಯಿಂದ ಗೆದ್ದಿತು. 39 ವರ್ಷದ ಹಿಂದೆ ಇದೇ ಊರಿನಲ್ಲಿ ದೇವೂ ಎದುರು ಸೋತಿದ್ದ ಅದೇ ಅಲ್ ಅಹ್ಲಿ.

ಅಂದರೆ ಬ್ಯಾಂಕಾಕಿನ ಪದ್ಧತಿ ಮರಳಿ ಬಂದಿದೆ, ಕಾರಣ ಮಾತ್ರ ತಲೆಕೆಳಗಾಗಿದೆ. ಅಂದು ಎಲ್ಲರೂ ಒಂದು ಊರಿನಲ್ಲಿ ಸೇರುತ್ತಿದ್ದದ್ದು ಯಾರಿಗೂ ದುಡ್ಡಿಲ್ಲದ ಕಾರಣ. ಇಂದು ಸೇರುತ್ತಿರುವುದು ಒಬ್ಬರ ಬಳಿ ಅದು ಧಾರಾಳವಾಗಿರುವ ಕಾರಣ. ಬ್ಯಾಂಕಾಕಿನ ಮೊದಲ ಎರಡು ಫೈನಲುಗಳಲ್ಲಿ ಆಡಿದ ನಾಲ್ಕೂ ತಂಡಗಳು ಹೊರಗಿನವು. ಜೆಡ್ಡಾದ ಫೈನಲಿನಲ್ಲಿ ಒಂದು ತಂಡ ಸೂಟ್‌ಕೇಸ್ ಕಟ್ಟಬೇಕಾಗಿಯೇ ಇರಲಿಲ್ಲ.