88 ವರ್ಷಗಳ ನಂತರ ಹೊತ್ತಿದ ಬೆಂಕಿ

1909ರಲ್ಲಿ ಕೆಲಸ ನಿಲ್ಲಿಸಿದ್ದ ಉಗಿ ಎಂಜಿನ್ನೊಂದು 1997ರ ಜುಲೈ 18ರಂದು ತನ್ನದೇ ಉಗಿಯ ಬಲದಿಂದ ಮತ್ತೆ ಹಳಿಯ ಮೇಲೆ ಚಲಿಸಿತು. ನಡುವೆ 88 ವರ್ಷ ಕಳೆದಿದ್ದವು. ಎಂಜಿನ್ನಿನ ಹೆಸರು ಫೇರಿ ಕ್ವೀನ್. ಅದನ್ನು ಎಬ್ಬಿಸಿ ನಿಲ್ಲಿಸಿದ್ದು ಚೆನ್ನೈನ ಪೆರಂಬೂರು ಲೋಕೋ ವರ್ಕ್ಸ್. ಎಂಜಿನ್ ತಯಾರಾದದ್ದು 1855ರಲ್ಲಿ, ಕಾರ್ಖಾನೆ ಹುಟ್ಟಿದ್ದು 1856ರಲ್ಲಿ. ಹೆಚ್ಚುಕಡಿಮೆ ಓರಗೆಯವರೇ.

ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಮ್ಸನ್ ಅಂಡ್ ಹೆವಿಟ್ಸನ್ ಕಂಪನಿ ಈಸ್ಟ್ ಇಂಡಿಯನ್ ರೈಲ್ವೆಗಾಗಿ ಮಾಡಿಕೊಟ್ಟ ಎಂಜಿನ್ ಅದು. ಕಲ್ಕತ್ತೆಗೆ ಬಂದಿಳಿದಾಗ ಅದಕ್ಕೆ ಹೆಸರಿರಲಿಲ್ಲ, 22 ಎಂಬ ಸಂಖ್ಯೆ ಮಾತ್ರ ಇತ್ತು. ಹೌರಾ ಮತ್ತು ರಾಣಿಗಂಜ್ ನಡುವೆ ಹಗುರವಾದ ಮೇಲ್ ಗಾಡಿಗಳನ್ನು ಎಳೆಯಿತು. 1857ರ ದಂಗೆಯ ಕಾಲದಲ್ಲಿ ಸೈನಿಕರನ್ನು ಸಾಗಿಸಿತು. 1895ರಲ್ಲಿ ಹೆಸರು ಪಡೆಯಿತು. ಕೊನೆಗಾಲದಲ್ಲಿ ಬಿಹಾರದ ಹೊಸ ಮಾರ್ಗಗಳ ಕಾಮಗಾರಿಯಲ್ಲಿ ದುಡಿದು 1909ರಲ್ಲಿ ನಿವೃತ್ತವಾಯಿತು. ಆಮೇಲೆ ಹೌರಾದಲ್ಲಿ, 1943ರಿಂದ ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಯಲ್ಲಿ, ಅನಂತರ ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿತು.

ಎಂಜಿನ್ನಿಗೆ ಬಣ್ಣ ಬಳಿದು ಕಟ್ಟೆಯ ಮೇಲೆ ನಿಲ್ಲಿಸುವುದು ಬೇರೆ, ಓಡಿಸುವುದು ಬೇರೆ. ಕಟ್ಟೆಯ ಮೇಲಿನ ಎಂಜಿನ್ನಿನ ಒಳಗೆ ತುಕ್ಕು ಹಿಡಿದರೂ ಯಾರಿಗೂ ಅಪಾಯವಿಲ್ಲ. ಓಡುವ ಎಂಜಿನ್ನಿನ ಬಾಯ್ಲರು ಮಾತ್ರ ಒತ್ತಡ ತುಂಬಿದ ಪಾತ್ರೆ. ಅದು ಒಡೆದರೆ ಎದುರಿಗಿದ್ದವರು ಉಳಿಯುವುದಿಲ್ಲ. ಆದ್ದರಿಂದ ದುರಸ್ತಿ ಶುರುವಾಗುವುದೇ ಬಾಯ್ಲರಿನಿಂದ. ಬೆಂಕಿಯ ಬಿಸಿಯನ್ನು ನೀರಿಗೆ ಮುಟ್ಟಿಸುವ ಕೊಳವೆಗಳನ್ನು ಒಂದೊಂದಾಗಿ ಹೊರಗೆಳೆಯಬೇಕು. ತಗಡಿನ ದಪ್ಪ ಎಲ್ಲೆಲ್ಲಿ ಸವೆದಿದೆ ಎಂದು ಅಳೆಯಬೇಕು. ಬೆಂಕಿಗೂಡಿನ ಒಳಗೋಡೆಗೂ ಹೊರಗೋಡೆಗೂ ನಡುವೆ ನೂರಾರು ಬೋಲ್ಟುಗಳಿರುತ್ತವೆ. ಅವು ಒಳಗೇ ಮುರಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅನುಭವಸ್ಥ ಬಾಯ್ಲರು ಕೆಲಸಗಾರ, ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ, ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ಬಡಿದು ಕಿವಿಗೊಡುತ್ತಾನೆ. ಗಟ್ಟಿ ಬೋಲ್ಟಿನ ದನಿಯೇ ಬೇರೆ, ಬಿರುಕು ಬಿಟ್ಟದ್ದರ ದನಿಯೇ ಬೇರೆ.

ಆಮೇಲೆ ಬಾಯ್ಲರಿಗೆ ನೀರು ಭರ್ತಿಮಾಡಿ, ದಿನನಿತ್ಯದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ಉಗಿಯಂತೆ ಹಿಗ್ಗುವುದಿಲ್ಲವಾದ್ದರಿಂದ, ದೋಷವಿದ್ದರೆ ಸೋರುತ್ತದೆಯೇ ಹೊರತು ಸಿಡಿಯುವುದಿಲ್ಲ. ಅದರಲ್ಲಿ ಪಾಸಾದ ಮೇಲಷ್ಟೇ ಬೆಂಕಿ. ಅಲ್ಲಿಯೂ ಅವಸರ ಸಲ್ಲ. ತಣ್ಣಗಿರುವ ಬಾಯ್ಲರನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲೇ ಕಾಯಿಸಬೇಕು. ಒಂದು ಕಡೆ ಬೇಗ ಹಿಗ್ಗಿ ಇನ್ನೊಂದು ಕಡೆ ಹಾಗೇ ಉಳಿದರೆ ಲೋಹ ಬಿರಿಯುತ್ತದೆ.

ಇಷ್ಟರಲ್ಲಿ ಅಳತೆಗಳೆಲ್ಲ ನಕ್ಷೆಯಲ್ಲಿ ಸಿಗುತ್ತವೆ. ಬೋಲ್ಟಿನ ದನಿ, ಉರಿಯ ಬಣ್ಣ, ಕಲ್ಲಿದ್ದಲನ್ನು ಎಷ್ಟು ತೆಳ್ಳಗೆ ಹರಡಬೇಕೆಂಬ ಅಂದಾಜು ನಕ್ಷೆಯಲ್ಲಿಲ್ಲ. ಅವು ಒಬ್ಬ ಫಿಟ್ಟರಿನಿಂದ ಇನ್ನೊಬ್ಬನಿಗೆ, ಡ್ರೈವರಿನಿಂದ ಫೈರ್‌ಮನ್‌ಗೆ ಪಕ್ಕದಲ್ಲಿ ನಿಂತು ಕಲಿತೇ ಬರಬೇಕು.

ಆದ್ದರಿಂದ 1997 ಎಂಬ ವರ್ಷ ಮುಖ್ಯ. ಚಿತ್ತರಂಜನ್ ಕಾರ್ಖಾನೆ ತನ್ನ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್ನಿಗೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟು ಹೊರಗೆ ಕಳಿಸಿದ್ದು 1970ರಲ್ಲಿ. ಬ್ರಾಡ್‌ಗೇಜಿನಲ್ಲಿ ಉಗಿಯ ದಿನನಿತ್ಯದ ಓಡಾಟ ಪಂಜಾಬಿನ ಜಲಂಧರ್–ಫಿರೋಜ್‌ಪುರ ಮಾರ್ಗದಲ್ಲಿ ನಿಂತದ್ದು 1995ರ ಡಿಸೆಂಬರಿನಲ್ಲಿ. ಫೇರಿ ಕ್ವೀನ್ ಪೆರಂಬೂರಿನಲ್ಲಿ ಎದ್ದು ನಿಂತಾಗ ಆ ಕೊನೆಯ ಓಟಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಉಗಿಯ ಜೊತೆ ಬೆಳೆದ ಕೈಗಳು ದೇಶದ ಶೆಡ್ಡುಗಳಲ್ಲಿ ಇನ್ನೂ ನೌಕರಿಯಲ್ಲಿದ್ದ ಕಾಲ ಅದು. ಅದೇ ವರ್ಷದ ಅಕ್ಟೋಬರಿನಿಂದ ಅದು ದಿಲ್ಲಿಯಿಂದ ರಾಜಸ್ಥಾನದ ಅಲ್ವರ್‌ಗೆ ಪ್ರವಾಸಿಗರನ್ನು ಕರೆದೊಯ್ಯತೊಡಗಿತು. 1998ರಲ್ಲಿ, ನಿಯಮಿತವಾಗಿ ಓಡುತ್ತಿರುವ ಜಗತ್ತಿನ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು ಗಿನ್ನೆಸ್ ದಾಖಲೆಗೂ ಸೇರಿತು.

ಆದರೆ ದಾಖಲೆ ಕಾವಲು ಕಾಯುವುದಿಲ್ಲ. 2011ರಲ್ಲಿ ನಿಂತಲ್ಲೇ ಎಂಜಿನ್ನಿನ ಬಿಡಿಭಾಗಗಳು ಕಳುವಾದವು. ಗುಜರಿಯಲ್ಲಿ ಅವುಗಳಿಗೆ ತೂಕದ ಬೆಲೆ. ಎಂಜಿನ್ನಿಗೆ ಮಾತ್ರ ಅವುಗಳ ಬದಲಿ ಯಾವ ಅಂಗಡಿಯಲ್ಲೂ ಸಿಗದು. ಮತ್ತೆ ಪೆರಂಬೂರಿಗೇ ಹೋಯಿತು. 2017ರ ಫೆಬ್ರವರಿಯಲ್ಲಿ ಮತ್ತೆ ಪ್ರಯಾಣಿಕರೊಂದಿಗೆ ಹೊರಟಿತು, ಈ ಸಲ ದಿಲ್ಲಿಯಿಂದ ಹರಿಯಾಣದ ರೇವಾಡಿಗೆ.

ಕಳುವಾದದ್ದರ ಜಾಗಕ್ಕೆ ಹೊಸತು, ಸವೆದದ್ದರ ಜಾಗಕ್ಕೆ ಹೊಸತು. ಹಾಗಾದರೆ ಓಡುತ್ತಿರುವುದು 1855ರ ಎಂಜಿನ್ನೇ? ಸಂಗ್ರಹಾಲಯದವರಿಗೆ ಇದು ಕಷ್ಟದ ಪ್ರಶ್ನೆ. ಹಳೆಯ ತಗಡು ತೆಗೆದರೆ ಚರಿತ್ರೆಯ ಒಂದು ಪುರಾವೆ ಹೋಯಿತು, ತೆಗೆಯದಿದ್ದರೆ ಎಂಜಿನ್ ಓಡದು. ಆದರೆ ಉಗಿ ಎಂಜಿನ್ನುಗಳು ದುಡಿಯುತ್ತಿದ್ದ ಕಾಲದಲ್ಲೂ ಯಾವುದೂ ಹುಟ್ಟಿದ ಹಾಗೆ ಉಳಿದಿರಲಿಲ್ಲ. ಕೊಳವೆ, ಚಕ್ರದ ಪಟ್ಟಿ, ಕೆಲವೊಮ್ಮೆ ಇಡೀ ಬಾಯ್ಲರು ಬದಲಾಗುತ್ತಿತ್ತು. ರಿಪೇರಿಯೂ ಅವುಗಳ ಚರಿತ್ರೆಯೇ.

ಇದು ಸ್ಪಷ್ಟವಾಗಿ ಕಾಣುವುದು ನೀಲಗಿರಿಯಲ್ಲಿ. ಮೆಟ್ಟುಪಾಳ್ಯಂನಿಂದ ಕೂನೂರಿಗೆ, ಹಲ್ಲುಹಳಿ ಹಿಡಿದು 1:12ರ ಏರನ್ನು ಹತ್ತುವ ಎಕ್ಸ್ ವರ್ಗದ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನಿಂದ ಬಂದವು. ಅಲ್ಲಿ ಉಗಿ ಪೂರ್ತಿ ನಿಲ್ಲಲೇ ಇಲ್ಲ. ಹಾಗಾಗಿ ಅದನ್ನು ನೋಡಿಕೊಳ್ಳುವ ಕೈಗಳೂ ಬರಿದಾಗಲಿಲ್ಲ. ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆ ಅದೇ ಮಾದರಿಯ ಎಂಜಿನ್ನುಗಳನ್ನು ಹೊಸದಾಗಿಯೇ ಕಟ್ಟಿತು. 2021ರಲ್ಲಿ ಕಲ್ಲಿದ್ದಲಿನಿಂದ ಓಡುವ ಒಂದನ್ನೂ ಹೊರತಂದಿತು. ಅದರಲ್ಲಿ ಹಳೆಯ ಕಬ್ಬಿಣವಿಲ್ಲ, ಹಳೆಯ ವಿದ್ಯೆ ಇದೆ.

ಬ್ರಾಡ್‌ಗೇಜಿಗೆ ಅಂಥ ನಿತ್ಯದ ಓಟ ಈಗಿಲ್ಲ. ಉಳಿದಿರುವುದು ರೇವಾಡಿಯಂಥ ಜಾಗ. 1893ರ ಆ ಶೆಡ್ಡು ಪಾಳುಬಿದ್ದಿತ್ತು, 2002ರಲ್ಲಿ ಪಾರಂಪರಿಕ ತಾಣವಾಗಿ ತೆರೆಯಿತು. ಚಿತ್ತರಂಜನ್‌ನಲ್ಲಿ 1965ರಲ್ಲಿ ತಯಾರಾದ ‘ಅಕ್ಬರ್’ ಎಂಬ ಡಬ್ಲ್ಯುಪಿ ಎಂಜಿನ್ ಅಲ್ಲಿದೆ, ಸಿನಿಮಾಗಳಲ್ಲೂ ಕಾಣಿಸಿಕೊಂಡಿದೆ. ಪ್ರವಾಸಿಗರಿಗೆ ಅದರ ಓಟ ಒಂದು ದಿನದ ಸಂಭ್ರಮ. ಶೆಡ್ಡಿನವರಿಗೆ ಅದು ಅಭ್ಯಾಸ. ಎಂಜಿನ್ ಓಡದ ವರ್ಷ ಹೊಸ ಹುಡುಗರು ಏನನ್ನೂ ಕಲಿಯುವುದಿಲ್ಲ. 1995ರಲ್ಲಿ ಇಪ್ಪತ್ತೈದು ವರ್ಷದವನಾಗಿದ್ದ ಫೈರ್‌ಮನ್‌ಗೆ ಇಂದು ನಿವೃತ್ತಿಯ ಅಂಚಿನ ವಯಸ್ಸು.

ಕನ್ನಡದಲ್ಲಿ ಕೆಲಸ ಮಾಡಿಸುವವನು ಮೇಸ್ತ್ರಿ, ಪಾಠ ಹೇಳುವವನು ಮೇಷ್ಟ್ರು. ಮೊದಲನೆಯದು ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ ಬಂತು, ಎರಡನೆಯದು ಇಂಗ್ಲಿಷಿನ ‘ಮಾಸ್ಟರ್’ನಿಂದ. ಇವೆರಡರ ಬೇರೂ ಒಂದೇ ಲ್ಯಾಟಿನ್ ಪದ. ಲೋಕೋ ಶೆಡ್ಡಿನಲ್ಲಿ ಇಬ್ಬರೂ ಒಬ್ಬರೇ. ಬೆಂಕಿ ಹೊತ್ತಿರುವಷ್ಟು ದಿನ ಅಲ್ಲಿ ಪಾಠವೂ ನಡೆಯುತ್ತದೆ.